ಹಸಿರು ಧೂಮಕೇತು ಸೋಲುವ ಸಿನಿಮಾ

ಒಬ್ದೂಲಿಯಾ: ಒಂದು ಸಲ ಸೋತರೆ ಏನಾಗುತ್ತೆ, ಭೂಮಿ ಬಾಯಿ ಬಿಡುತ್ತಾ?

ಎಲಿಯೊದೋರೊ: ಭೂಮಿ ಬಿಡಲ್ಲ. ನಾನು ಬಿಡಬೇಕಾಗುತ್ತೆ. ಮುಖವಾಡ ಪಣಕ್ಕಿಟ್ಟು ಸೋತೋನು ಅಲ್ಲೇ ಅಖಾಡದ ಮಧ್ಯೆ ಅದನ್ನ ಬಿಚ್ಚಬೇಕು. ಹೆಸರು, ಹುಟ್ಟಿದೂರು, ಎಷ್ಟು ವರ್ಷದಿಂದ ಕುಸ್ತಿ ಆಡ್ತಿದೀನಿ, ಎಲ್ಲಾ ಹೇಳಬೇಕು.

ಒಬ್ದೂಲಿಯಾ: ಹೇಳು. ನಿನ್ನ ಹೆಸರೇನು ಬೈಗುಳ ಅಲ್ಲವಲ್ಲ.

ಮೆಕ್ಸಿಕೋ ನಗರದ ಹಳೆಯ ವಠಾರವೊಂದರ ಎರಡನೇ ಮಹಡಿಯಲ್ಲಿ ಗಂಡಹೆಂಡಿರ ಭಾನುವಾರದ ತಿಂಡಿ ಹೀಗೆ ನಡೆದಿತ್ತು. ಮೇಜಿನ ಮೇಲೆ ಟೊರ್ಟಿಯಾ ರೊಟ್ಟಿ, ಬೇಯಿಸಿದ ಕಾಳು, ಅವುಗಳ ನಡುವೆ ಸಿನಿಮಾದ ಕಥೆಯ ಕಟ್ಟು. ಹದಿನೇಳು ಸಿನಿಮಾಗಳಲ್ಲಿ ಎಲಿಯೊದೋರೊ ತನ್ನ ಕುಸ್ತಿ ಅಖಾಡದ ಹಸಿರು ಮುಖವಾಡವನ್ನೇ ತೊಟ್ಟು, ಹಸಿರು ಧೂಮಕೇತು ಎಂಬ ಹೆಸರಿನಲ್ಲಿ, ರಕ್ತಪಿಶಾಚಿಗಳನ್ನೂ ಮಂಗಳಗ್ರಹದವರನ್ನೂ ತಲೆಕೆಟ್ಟ ವಿಜ್ಞಾನಿಗಳನ್ನೂ ಎತ್ತಿ ಒಗೆದಿದ್ದ. ಹದಿನೆಂಟನೆಯ ಕಥೆಯ ಕೊನೆಯ ಪುಟದಲ್ಲಿ ಅವನನ್ನೇ ಎತ್ತಿ ಒಗೆದು, ಮುಖವಾಡ ಬಿಚ್ಚಿಸುತ್ತಾರೆ. ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ, ನಾಳೆ ನಿರ್ದೇಶಕನಿಗೆ ಹೇಳಬೇಕಿತ್ತು.

ಎಲಿಯೊದೋರೊ: ಸಿನಿಮಾದಲ್ಲಿ ನಾಯಕ ಸೋಲಬಾರದು. ಸೋಲೋದನ್ನ ಜನ ಮನೇಲೇ ನೋಡ್ತಾರೆ. ಅದಕ್ಕೆ ಟಿಕೆಟ್ ಯಾಕೆ?

ಒಬ್ದೂಲಿಯಾ: ಹದಿನೇಳು ಸಲ ಗೆದ್ದಿದೀಯಲ್ಲ.

ಎಲಿಯೊದೋರೊ: ಹದಿನೇಳನ್ನೂ ಮರೀತಾರೆ. ಸೋತಿದ್ದೊಂದನ್ನ ನೆನಪಿಟ್ಕೊಳ್ತಾರೆ.

ಒಬ್ದೂಲಿಯಾ: ನೆನಪಿಟ್ಕೊಳ್ಳಲಿ ಅಂತಾನೇ ನಾನೂ ಹೇಳ್ತಿರೋದು. ಗೆದ್ದೋನಿಗೆ ಮುಖ ಇರಲ್ಲ, ಮುದುಕಾ. ಸೋತೋನಿಗೇ ಮುಖ ಸಿಗೋದು.

ಎಲಿಯೊದೋರೊ ಕಾಳಿನ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದ. ವಾದದಲ್ಲಿ ಸಿಕ್ಕಿಬಿದ್ದಾಗ ಅವನು ಮಾಡುವ ಕೆಲಸವೇ ಅದು. ಹಸಿವು ಹೆಚ್ಚಿದ್ದರೆ ಮತ್ತೆ ಈಚೆ ಎಳೆದುಕೊಳ್ಳುತ್ತಾನೆ.

ಎಲಿಯೊದೋರೊ: ಈಗ ನನಗೆ ಮುಖ ಇಲ್ವಾ?

ಒಬ್ದೂಲಿಯಾ: ಮದುವೆ ಫೋಟೋ ತೆಗೆದು ನೋಡು. ಮುಖವಾಡ. ಹುಡುಗ ಹೇಗಿದ್ದಾನೆ ಅಂತ ನಮ್ಮಮ್ಮ ಕೇಳಿದಾಗ, ಭುಜ ಚೆನ್ನಾಗಿದೆ ಅಂತ ಹೇಳಿದ್ದೆ.

ಎಲಿಯೊದೋರೊ: ಅವರಿಗೆ ಆಮೇಲೆ ತೋರಿಸಿದ್ದೆ.

ಒಬ್ದೂಲಿಯಾ: ಆಸ್ಪತ್ರೆಯಲ್ಲಿ. ಕನ್ನಡಕ ಇರಲಿಲ್ಲ ಅವಳ ಹತ್ರ.

ಎಲಿಯೊದೋರೊ: ಬರಿ ಮುಖದಲ್ಲೇ ಈ ವಠಾರದಲ್ಲಿ ದಿನಾ ಓಡಾಡ್ತೀನಿ. ಹಾಲು ತರ್ತೀನಿ, ಗ್ಯಾಸ್ ಸಿಲಿಂಡರ್ ಹೊತ್ತು ತರ್ತೀನಿ.

ಒಬ್ದೂಲಿಯಾ: ಓಡಾಡ್ತೀಯ. ಯಾರು ನೋಡ್ತಾರೆ? ಮೆಟ್ಟಿಲ ಮೇಲೆ ನೀನು ಎದುರಾದ್ರೆ ಗೋಡೆ ಕಡೆ ತಿರುಗಿ ನಿಲ್ತಾರೆ. ಮೂವತ್ತು ವರ್ಷದಿಂದ ನೋಡ್ತಿದೀನಿ. ಮಕ್ಕಳು ಸಹ ತಿರುಗ್ತವೆ. ದುಡಿಯದ ಗಂಡಸು, ಮುಖ ನೋಡಿದ್ರೆ ದರಿದ್ರ ಅಂತ.

ಎಲಿಯೊದೋರೊ: ನಾನು ವಿಮೆ ಮಾರ್ತೀನಿ ಅಂತ ಎಲ್ಲರಿಗೂ ನೀನೇ ಹೇಳಿದ್ದೆಯಲ್ಲ.

ಒಬ್ದೂಲಿಯಾ: ಹೇಳಿದೆ. ಮೂವತ್ತು ವರ್ಷದಲ್ಲಿ ಒಬ್ಬರಾದ್ರೂ ವಿಮೆ ಕೇಳಿದ್ರಾ? ನಂಬಿದ್ರೆ ಕೇಳ್ತಿದ್ರು.

ಎಲಿಯೊದೋರೊ: ವಿಮೆ ಯಾರಿಗೂ ಇಷ್ಟ ಇಲ್ಲ.

ಒಬ್ದೂಲಿಯಾ ಮುಖವನ್ನು ಒಲೆಯ ಕಡೆ ತಿರುಗಿಸಿದಳು. ಅವಳಿಗೆ ದುಃಖ ಒತ್ತರಿಸಿ ಬಂದಿತ್ತು. ಊರೆಲ್ಲ ಚಪ್ಪಾಳೆ ತಟ್ಟುವ ಗಂಡಸು ತನ್ನ ಮನೆಯಲ್ಲಿರುವಾಗ, ತಾನು ಟೊರ್ಟಿಯಾ ಅಂಗಡಿಯ ಸಾಲಿನಲ್ಲಿ ತಲೆ ತಗ್ಗಿಸಿ ನಿಲ್ಲುವುದು ಅವಳಿಗೆ ಸಾಕಾಗಿ ಹೋಗಿತ್ತು. ತಾನು ಸಾಯುವುದರೊಳಗೆ ಯಾರಾದರೊಬ್ಬರು ಇವನ ಮುಖವನ್ನು ನೆಟ್ಟಗೆ ನೋಡಬೇಕು. ಅದಕ್ಕೆ ಅವನು ಸೋಲಬೇಕಿದ್ದರೆ ಸೋಲಲಿ.

ಎಲಿಯೊದೋರೊ: ಅಳ್ತಿದೀಯಾ?

ಒಬ್ದೂಲಿಯಾ: ಈರುಳ್ಳಿ.

ಎಲಿಯೊದೋರೊ: ಈರುಳ್ಳಿ ಹೆಚ್ಚೇ ಇಲ್ಲ ನೀನು.

ಒಬ್ದೂಲಿಯಾ: ಹೆಚ್ಚಬೇಕು ಅಂತಿದ್ದೆ.

ಅವನು ಕಾಳಿನ ತಟ್ಟೆಯನ್ನು ಇನ್ನಷ್ಟು ಆಚೆ ಸರಿಸಿದ. ಆಮೇಲೆ ಎದ್ದು, ಒಲೆಗೂ ಮೇಜಿಗೂ ನಡುವೆ ಕಾಲು ಅಗಲಿಸಿ ನಿಂತ.

ಎಲಿಯೊದೋರೊ: ಮುಖವಾಡ ಎಲ್ಲಿ? ಬಿಚ್ಚೋದನ್ನ ಅಭ್ಯಾಸ ಮಾಡ್ತೀನಿ.

ಒಬ್ದೂಲಿಯಾ: ಒಗೆದು ತಾರಸಿ ಮೇಲೆ ಹಗ್ಗಕ್ಕೆ ಹಾಕಿದೀನಿ. ಒಳಮಗ್ಗುಲು ಹೊರಗೆ ಮಾಡಿ. ಯಾರಿಗೂ ಗೊತ್ತಾಗಲ್ಲ.

ಎಲಿಯೊದೋರೊ: ಸರಿ, ಬಿಚ್ಚಿದೀನಿ ಅಂದ್ಕೋ. ನನ್ನ ಹೆಸರು ಎಲಿಯೊದೋರೊ ಸಾಂದೋವಾಲ್. ಊರು ಆಪಿಸಾಕೊ.

ಒಬ್ದೂಲಿಯಾ: ಗಟ್ಟಿಯಾಗಿ. ವಿಮೆ ಮಾರೋ ಹಾಗೆ ಹೇಳಬೇಡ.

ಎಲಿಯೊದೋರೊ: ನನ್ನ ಹೆಸರು ಎಲಿಯೊದೋರೊ ಸಾಂದೋವಾಲ್!

ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯ ರೆಮೇದಿಯೋಸ್. ಬಾಗಿಲು ತೆರೆಯುವಷ್ಟರಲ್ಲಿ ಅವಳು ಎಂದಿನಂತೆ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಕೈಯಲ್ಲಿ ಹಳೆಯ ಪತ್ರಿಕೆ ಸುತ್ತಿದ ಪೊಟ್ಟಣವಿತ್ತು.

ರೆಮೇದಿಯೋಸ್: ಒಬ್ದೂಲಿಯಾ ಅವರೇ, ನಿಮ್ಮನೆ ದಿಂಬಿನ ಚೀಲ ಗಾಳಿಗೆ ಹಗ್ಗದಿಂದ ಬಿದ್ದಿತ್ತು. ತಗೊಳ್ಳಿ.

ಒಬ್ದೂಲಿಯಾ: ನಿಮಗೆ ತೊಂದರೆ.

ರೆಮೇದಿಯೋಸ್: ತೊಂದರೆ ಏನಿಲ್ಲ. ಕಿವಿ ಹತ್ರ ಹೊಲಿಗೆ ಬಿಟ್ಟಿತ್ತು, ಎರಡು ಹೊಲಿಗೆ ಹಾಕಿದೀನಿ. ಶನಿವಾರ ಅಖಾಡದಲ್ಲಿ ಆ ದಪ್ಪಗಿರೋನು ಹಿಡಿದು ಎಳೆದನಲ್ಲ, ಆ ಕಡೆ.

ರೆಮೇದಿಯೋಸ್ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯತೊಡಗಿದಳು.

ಒಬ್ದೂಲಿಯಾ: ದಿಂಬಿಗೆ ಕಿವಿ ಇರುತ್ತಾ?

ರೆಮೇದಿಯೋಸ್: ಇದಕ್ಕೆ ಹಿಂದುಗಡೆ ಲಾಡಿಯೂ ಇದೆ. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಒಣಗುತ್ತೆ. ದಿಂಬಿನ ಚೀಲ ಅಂತ ವಠಾರದವರೆಲ್ಲ ಒಪ್ಕೊಂಡಿದೀವಿ.

ಎಲಿಯೊದೋರೊ: ಎಲ್ಲರೂ?

ರೆಮೇದಿಯೋಸ್: ಕೆಳಗಿನ ಮನೆಗೆ ಹೋದ ತಿಂಗಳು ಬಂದೋರು ಬಿಟ್ಟು. ಅವರಿಗೆ ಈ ವಾರ ಹೇಳ್ತೀವಿ.

ಒಬ್ದೂಲಿಯಾ: ಹಾಗಾದ್ರೆ ಇವರನ್ನ ಕಂಡ್ರೆ ಗೋಡೆ ಕಡೆ ತಿರುಗೋದು...

ರೆಮೇದಿಯೋಸ್: ಮತ್ತೆ? ಹಸಿರು ಧೂಮಕೇತುವಿನ ಬರಿ ಮುಖ ನೋಡೋಕಾಗುತ್ತಾ? ಮಕ್ಕಳಿಗೆ ನಡೆಯೋಕೆ ಬಂದ ಕೂಡಲೇ ಅದನ್ನೇ ಕಲಿಸೋದು. ನನ್ನ ತಮ್ಮ ಹಾಗೆ ತಿರುಗೋಕೆ ಹೋಗಿ ಮೆಟ್ಟಿಲಿಂದ ಬಿದ್ದು ಕಾಲು ಮುರ್ಕೊಂಡ. ಬೆಕ್ಕು ಅಡ್ಡ ಬಂತು ಅಂತ ನಿಮಗೆ ಹೇಳಿದ್ವಿ.

ಒಬ್ದೂಲಿಯಾ ಆ ಬೆಕ್ಕನ್ನು ಎಂಟು ವರ್ಷದಿಂದ ಬೈಯುತ್ತಿದ್ದಳು. ಅವಳು ಕುರ್ಚಿ ಎಳೆದುಕೊಂಡು ಕೂತಳು. ಮೂವತ್ತು ವರ್ಷ ಅವಮಾನವೆಂದು ನುಂಗಿದ್ದೆಲ್ಲ ಮರ್ಯಾದೆಯಾಗಿತ್ತು. ಅವಳಿಗೆ ನಗು ಬಂತು, ಸಿಟ್ಟೂ ಬಂತು; ಎರಡನ್ನೂ ಎಲ್ಲಿ ಇಡುವುದೋ ತಿಳಿಯಲಿಲ್ಲ.

ರೆಮೇದಿಯೋಸ್: ಸಿನಿಮಾದಲ್ಲಿ ಸೋಲ್ತಾರಂತೆ, ಗೋಡೆಯಾಚೆಗೆ ನನಗೆ ಕೇಳಿಸಲಿಲ್ಲ. ಕೇಳಿಸಿದ್ದಿದ್ರೆ ಬೇಡ ಅಂತ ಹೇಳ್ತಿದ್ದೆ. ಇಷ್ಟು ವರ್ಷ ನಾವೆಲ್ಲ ಕತ್ತು ತಿರುಗಿಸಿದ್ದು ನೀರಲ್ಲಿ ಹೋಮ ಆಗುತ್ತೆ.

ಎಲಿಯೊದೋರೊ: ನಾಯಕ ಸೋಲಬಾರದು ಅಂತ ಬೆಳಿಗ್ಗೆಯಿಂದ ಬಡ್ಕೋತಿದೀನಿ. ಮೂವತ್ತು ವರ್ಷದ ಹಿಂದೇನೇ ಸೋತಿದೀನಿ ನಾನು. ಬಟ್ಟೆ ಹಗ್ಗಕ್ಕೆ.

ಒಬ್ದೂಲಿಯಾ: ನಾನೇನು ಬೇಕು ಅಂತ ಹಾಕಿದ್ನಾ?

ಎಲಿಯೊದೋರೊ ಬಾಗಿಲ ಬಳಿ ಹೋಗಿ ನೆಟ್ಟಗೆ ನಿಂತ. ಅಖಾಡದ ನಿಯಮ ನಿಯಮವೇ. ಸೋತ ಮೇಲೆ ಹೇಳಲೇಬೇಕು.

ಎಲಿಯೊದೋರೊ: ನನ್ನ ಹೆಸರು ಎಲಿಯೊದೋರೊ ಸಾಂದೋವಾಲ್. ಊರು ಆಪಿಸಾಕೊ. ಮೂವತ್ತೊಂದು ವರ್ಷದಿಂದ ಕುಸ್ತಿ ಆಡ್ತಿದೀನಿ.

ರೆಮೇದಿಯೋಸ್: ನನಗೇನೂ ಕೇಳಿಸಲಿಲ್ಲ, ಯಜಮಾನರೇ.

ಒಬ್ದೂಲಿಯಾ ಎದ್ದು ಬಂದು ಅವಳ ಎರಡೂ ಭುಜ ಹಿಡಿದಳು.

ಒಬ್ದೂಲಿಯಾ: ರೆಮೇದಿಯೋಸ್, ತಿರುಗಿ. ನನಗೋಸ್ಕರ. ಒಂದೇ ಸಲ.

ರೆಮೇದಿಯೋಸ್ ಕಣ್ಣು ಮುಚ್ಚಿಕೊಂಡು ತಿರುಗಿದಳು. ಆಮೇಲೆ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಮುರಿದ ಮೂಗು, ನರೆತ ಹುಬ್ಬು, ಗಲ್ಲದ ಮೇಲೆ ಒಂದು ಕಾಳು, ಎಲ್ಲವನ್ನೂ ಸಾವಕಾಶವಾಗಿ ನೋಡಿದಳು.

ರೆಮೇದಿಯೋಸ್: ವಿಮೆ ಮಾರೋರ ಹಾಗೇ ಇದ್ದಾರೆ.

ಒಬ್ದೂಲಿಯಾ ಗಂಡನ ಗಲ್ಲದ ಕಾಳನ್ನು ಬರಿಗೈಯಲ್ಲೇ ಒರೆಸಿ, ಪೊಟ್ಟಣ ಬಿಚ್ಚಿ ಹೊಲಿಗೆ ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದಳು.

ಒಬ್ದೂಲಿಯಾ: ಒಬ್ಬಳು ನೋಡಿದ್ಲಲ್ಲ, ಸಾಕು. ನಾಳೆ ಹೋಗಿ, ಗೆಲ್ತೀನಿ ಅಂತ ಹೇಳು.