ಡಾಕ್ಟರೇಟಿಗೆ ಹೊರಟ ಸೊಸೆ

ಅವನ ಕೆಲಸದ ಕೊನೆಯ ದಿನ, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಸರಿಯಾಗಿ, ಅತ್ತೆ ಗೊಣಗತೊಡಗಿದಳು.

ಅತ್ತೆ ಎಂದರೆ ಕಾರ್ಖಾನೆಯ ದೊಡ್ಡ ನೀರಿನ ಪಂಪು. ಒಮ್ಮೆ ಗೊಣಗಿ ನಡುಗಲು ಹಿಡಿದಳೆಂದರೆ ಕಿಟಕಿಗಳೂ ಕಟಕಟ ಹಲ್ಲು ಕಡಿಯುತ್ತಿದ್ದವು. ಅವಳ ಸೇವೆಗೆಂದೇ ಇದ್ದ ಇಂಜಿನಿಯರನಿಗೆ, ಪೊದೆಯಂಥ ಮೀಸೆಯಿದ್ದರೂ, ಎಲ್ಲರೂ ಇಟ್ಟ ಹೆಸರು ಸೊಸೆ. ವರ್ಷಗಟ್ಟಲೆ ಅವಳ ಕಾಲೊತ್ತಿ ಸಾಕಾಗಿ, ಕೆಲಸಕ್ಕೆ ಶರಣು ಹೊಡೆದು ಪಿಎಚ್‌ಡಿಗೆ ಹೊರಟಿದ್ದ. ಸಂಜೆ ಐದರೊಳಗೆ ವಿಶ್ವವಿದ್ಯಾಲಯದಲ್ಲಿ ಗೈಡ್ ಮೇಡಂ ಮುಂದೆ ಹಾಜರಾಗದಿದ್ದರೆ ಸೀಟು ಇನ್ನೊಬ್ಬರ ಪಾಲು.

ಬೆಳಿಗ್ಗೆಯೇ ಗುರುತಿನ ಚೀಟಿ ಹಿಂದಿರುಗಿಸಿದ್ದ. ಸ್ಟೋರ್ಸ್ ನೋಡಿಕೊಳ್ಳುವ ಅಕ್ಕ ಎಲ್ಲರ ಪರವಾಗಿ ಮರದ ಪೆನ್ ಸ್ಟ್ಯಾಂಡೊಂದನ್ನು ಉಡುಗೊರೆ ಕೊಟ್ಟಿದ್ದಳು. ಇವನೂ ಎದೆಯುಬ್ಬಿಸಿ, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂದು ಭಾಷಣ ಮುಗಿಸಿದ್ದ. ಅದು ಅತ್ತೆಯ ಕಿವಿಗೆ ಬಿದ್ದಿರಬೇಕು.

“ಇದೊಂದು ಸಲ ಸಮಾಧಾನ ಮಾಡಿ ಹೋಗಿ ಸ್ವಾಮಿ,” ಎಂದರು ಮ್ಯಾನೇಜರು. “ಬಿಡುಗಡೆ ಪತ್ರಕ್ಕೆ ಆಮೇಲೆ ಸಹಿ ಹಾಕ್ತೀನಿ.”

“ಸಾರ್, ನಾನೀಗ ನಿಮ್ಮ ನೌಕರ ಅಲ್ಲ!”

“ಸಹಿ ಹಾಕಿದ ಮೇಲೆ ತಾನೇ ಅಲ್ಲ?”

ಪಂಪಿನ ಮುಂದೆ ಜಾತ್ರೆ ಸೇರಿತ್ತು. “ಎಣ್ಣೆ ಬಿಡಿ,” ಎಂದ ಹಿರಿಯ ಫಿಟ್ಟರು. “ಒಂದು ಒದೆ ಕೊಡಿ,” ಎಂದ ಡ್ರೈವರು. ಯಾವತ್ತೂ ಪಂಪಿನ ಮುಖ ನೋಡದ ಅಕೌಂಟೆಂಟು ಕೂಡ ಕನ್ನಡಕ ಏರಿಸಿ, “ಅದರ ಮನಸ್ಸಿಗೆ ಬೇಜಾರಾಗಿರ್ಬೇಕು,” ಎಂದು ಸಂಶೋಧಿಸಿದರು.

ಇಂಜಿನಿಯರು ಹೊಸ ಬಿಳಿ ಅಂಗಿಯಲ್ಲೇ ನೆಲಕ್ಕೆ ಮಲಗಿ, ಪಂಪಿಗೆ ಕಿವಿಯಿಟ್ಟ. ಪೈಪು ತನ್ನ ಆಸರೆ ಕಂಬಕ್ಕೆ ಬಡಿಯುತ್ತಿತ್ತು. ನಡುವೆ ಒಂದು ರಬ್ಬರ್ ತುಂಡು ತುರುಕಿದರೆ ಸಾಕು. ಸ್ಟೋರ್ಸಿಗೆ ಓಡಿದ.

“ಕೊಡಕ್ಕಾಗಲ್ಲಪ್ಪ,” ಎಂದಳು ಅಕ್ಕ. “ನೌಕರರ ಸಹಿ ಬೇಕು. ನೀನೀಗ ಹೊರಗಿನೋನು.”

“ಅಕ್ಕಾ, ಅಲ್ಲಿ ಒಳಗಿನೋನು, ಇಲ್ಲಿ ಹೊರಗಿನೋನಾ?”

“ರೂಲ್ಸು ಕಣಪ್ಪ. ಬೇಜಾರ್ ಮಾಡ್ಕೋಬೇಡ. ಪೆನ್ ಸ್ಟ್ಯಾಂಡ್ ಜೋಪಾನ.”

ಅಷ್ಟರಲ್ಲಿ ಹೆಂಡತಿಯ ಫೋನು. “ರೀ, ಹೊರಟ್ರಾ? ನಾನೂ ನಮ್ಮಮ್ಮನೂ ಕಾಯ್ತಿದೀವಿ.”

“ಎಲ್ಲಿ ಹೊರಡೋದು? ಈ ಅತ್ತೆ ಬಿಟ್ರೆ ತಾನೇ! ನನ್ನ ಪ್ರಾಣ ಹಿಂಡ್ತಿದಾಳೆ ಮುದುಕಿ!”

“ಫೋನ್ ಸ್ಪೀಕರಲ್ಲಿದೆ,” ಎಂದಳು ಹೆಂಡತಿ. “ಅಮ್ಮ ಕೇಳಿಸ್ಕೊಂಡ್ರು.”

ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಸಿಟ್ಟಿನಲ್ಲಿ ಪಂಪಿನ ಹಿಂದೆ ನುಗ್ಗಿ, ಕೈಯಲ್ಲಿದ್ದ ಪೆನ್ ಸ್ಟ್ಯಾಂಡನ್ನೇ ಪೈಪಿಗೂ ಕಂಬಕ್ಕೂ ನಡುವೆ ಗುದ್ದಿ ತುರುಕಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅತ್ತೆ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿ ಸುಮ್ಮನಾದಳು.

“ಏನ್ ಮಾಡಿದ್ರಿ?” ಮ್ಯಾನೇಜರು ಬಾಯಿ ಬಿಟ್ಟರು.

“ಸಹಿ ಹಾಕಿ ಸಾರ್!” ಎಂದವನೇ, ಸಹಿ ಬಿದ್ದ ಕೂಡಲೇ ಕಾಗದ ಕಿತ್ತುಕೊಂಡು ಓಡಿದ.

ಅಂಗಿಯ ತುಂಬ ಗ್ರೀಸು, ಮೀಸೆಗೆ ಜೇಡರ ಬಲೆ. ವಿಶ್ವವಿದ್ಯಾಲಯದ ಜವಾನ ಬಾಗಿಲು ಹಾಕುವುದಕ್ಕೂ ಇವನು ಒಳಗೆ ಬೀಳುವುದಕ್ಕೂ ಸರಿಹೋಯಿತು. ಮೇಡಂ ಮುಖ ಅರಳಿತು.

“ಬನ್ನಿ ಬನ್ನಿ! ಇಂಟರ್‌ವ್ಯೂನಲ್ಲಿ ನಿಮ್ಮ ಪಂಪಿನ ಗೋಳು ಎಷ್ಟು ಚೆನ್ನಾಗಿ ಹೇಳಿದ್ರಿ! ಅವತ್ತೇ ನಿಮ್ಮ ಮ್ಯಾನೇಜರ್ ಹತ್ರ ಮಾತಾಡಿ ಒಪ್ಪಂದ ಮಾಡ್ಕೊಂಡೆ. ಈಗಷ್ಟೇ ಫೋನ್ ಮಾಡಿದ್ರು. ನಡುಕ ಥಟ್ಟನೆ ನಿಂತೋಯ್ತಂತೆ?”

“ಅದೇನಿಲ್ಲ ಮೇಡಂ, ಒಂದು ಮರದ...”

“ಹೇಳಬೇಡಿ! ಯಾಕೆ ನಿಂತಿತು ಅನ್ನೋದೇ ನಿಮ್ಮ ವಿಷಯ. ಪಂಪಿನ ಪಕ್ಕದಲ್ಲೇ ಮೇಜು ಹಾಕಿಸಿದಾರೆ. ಮೂರು ವರ್ಷ ಕೂತು ಅಳೀರಿ.”

“ಬೇರೆ ವಿಷಯ...?”

“ಹೊರಗೆ ಇನ್ನೊಬ್ಬರು ಕಾಯ್ತಿದಾರೆ. ಕರೀಲಾ?”

ಇಂಜಿನಿಯರು ಗ್ರೀಸು ಮೆತ್ತಿದ ಕೈಯಲ್ಲೇ ಪ್ರವೇಶದ ಕಾಗದಕ್ಕೆ ಸಹಿ ಗೀಚಿದ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಅವನ ಕೈಗೆ ಸಂದರ್ಶಕರ ಚೀಟಿ ಕೊಟ್ಟು, “ಏನ್ ಸಾರ್, ಸೊಸೆ ತವರಿಂದ ಇಷ್ಟು ಬೇಗ ಬಂದುಬಿಟ್ಳಾ?” ಎಂದ.

ಒಳಗೆ ಅತ್ತೆಯ ಪಕ್ಕ ಮೇಜು ಒರೆಸುತ್ತಿದ್ದ ಸ್ಟೋರ್ಸ್ ಅಕ್ಕ, ಅದರ ಮೇಲೆ ಪೆನ್ನುಗಳು ಚೆಲ್ಲಾಡಿದ್ದನ್ನು ಕಂಡು ಹುಬ್ಬು ಗಂಟಿಕ್ಕಿದಳು.

“ಅಷ್ಟು ಪ್ರೀತಿಯಿಂದ ಪೆನ್ ಸ್ಟ್ಯಾಂಡ್ ಕೊಟ್ವಲ್ಲಪ್ಪ, ಉಪಯೋಗಕ್ಕೆ ಬರ್ಲಿಲ್ವಾ?”

ಅವನು ಪಂಪಿನ ಹಿಂದಕ್ಕೊಮ್ಮೆ ಕಳ್ಳನೋಟ ಹಾಯಿಸಿದ.

“ಬಂತು ಅಕ್ಕಾ. ಅದರ ಮೇಲೇ ಪಿಎಚ್‌ಡಿ ಮಾಡ್ತಿದೀನಿ.”