ಹೊಲಿಗೆಯಮ್ಮನ ಕಾವಲು ನಾಯಿ

ಗಂಡ ಸತ್ತವಳಿಗೆ ಬುದ್ಧಿ ಹೇಳಲು ಯಾರೂ ಫೀಸು ಕೇಳುವುದಿಲ್ಲ. ಹೊಲಿಗೆಯಮ್ಮನಿಗೆ ಏಳು ತಿಂಗಳಿಂದ ಬುದ್ಧಿ ಪುಕ್ಕಟೆಯಾಗಿ ಸುರಿಯುತ್ತಿತ್ತು. ಹಾಲಿನವನು ಹೇಳಿದ. ಎದುರುಮನೆ ಮೇಷ್ಟರು ಹೇಳಿದರು. ಗುಂಡಿ ಹಾಕಿಸಲು ಬಂದವರು ಗುಂಡಿ ಮರೆತು ಬುದ್ಧಿ ಹೇಳಿ ಹೋದರು. ಅದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ನಾದಿನಿಯ ಮಾತನ್ನು ಹಾಗೆ ಬಿಡಲಾಗದು.

ನಾದಿನಿ ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಈಗ ನಿವೃತ್ತಳು. (ಆಸ್ಪತ್ರೆ ಬಿಟ್ಟಳು, ಹೆಡ್ಡು ಬಿಡಲಿಲ್ಲ.) ಮದುವೆಯಾಗಿಲ್ಲ. ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ.

"ಅತ್ತಿಗೆ, ಒಂಟಿ ಹೆಂಗಸು ಇಲ್ಲಿರೋದು ಬೇಡ. ಈ ಬಾಗಿಲು ಕೆಮ್ಮಿದರೆ ಬೀಳುತ್ತೆ. ನನ್ನ ಮನೆಗೆ ಬನ್ನಿ."

"ನೀನೂ ಒಂಟಿ ತಾನೆ?"

"ನನ್ನದು ಮೂರನೇ ಮಹಡಿ."

"ಮಿಷನ್ನು ಎಲ್ಲಿಡಲಿ?"

"ಮಾರಿಬಿಡಿ. ಟಡಟಡ ಶಬ್ದ ನನಗಾಗಲ್ಲ. ತಿಂಗಳ ಕೊನೆಗೆ ಟೆಂಪೋ ತರ್ತೀನಿ, ಗಂಟುಮೂಟೆ ಕಟ್ಟಿಡಿ."

ಹೊಲಿಗೆಯಮ್ಮ ಮನೆಯನ್ನೊಮ್ಮೆ ಸುತ್ತ ನೋಡಿದಳು. ಎರಡೇ ಕೋಣೆಯ ಮನೆ, ನಿಜ. ಆದರೆ ಅಂಗಡಿ ಬೋರ್ಡು ಬರೆಯುತ್ತಿದ್ದ ಗಂಡ ದಿನಾ ಸಂಜೆ ಕುಂಚ ಒರೆಸಿದ ಗೋಡೆ ಇರುವುದು ಅಲ್ಲೇ. ಮಿಷನ್ ಬೇಕಾದರೆ ಹೊತ್ತುಕೊಂಡು ಹೋಗಬಹುದು. ಗೋಡೆಯನ್ನು ಹೊರುವುದು ಹೇಗೆ?

ಆಗ ಅವಳಿಗೆ ಒಂದು ಮಹಾ ಆಲೋಚನೆ ಬಂತು. ಒಂಟಿ ಅನ್ನುವುದೇ ತಕರಾರು ತಾನೆ? ಮನೆಯಲ್ಲೊಂದು ಕಾವಲು ನಾಯಿ ಇದ್ದರೆ ನಾದಿನಿಯ ಬಾಯಿ ಮುಚ್ಚುತ್ತದೆ.

ಬೀದಿಯಲ್ಲಿ ಸಿಕ್ಕ ಮರಿಗಳನ್ನು ಸಾಕಿ, ಬೇಕಾದವರಿಗೆ ಕೊಡುವ ಜಾಗವೊಂದಿತ್ತು. ಅಲ್ಲಿ ಕನ್ನಡಕದ ಹುಡುಗಿಯೊಬ್ಬಳು ಪ್ರಶ್ನೆ ಕೇಳಲು ಕೂತಳು. ಸಿಟ್ಟು ಬರುತ್ತಾ, ಬಂದರೆ ಎಷ್ಟು ಹೊತ್ತು ಇರುತ್ತೆ, ಮನೆಯಲ್ಲಿ ಕೂಗಾಡುವವರು ಇದ್ದಾರಾ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ.

"ಗಂಡನ್ನ ಒಪ್ಪಿಕೊಳ್ಳೋವಾಗ ನಾನೇ ಇಷ್ಟು ಕೇಳಿರಲಿಲ್ಲಮ್ಮ" ಅಂದಳು ಹೊಲಿಗೆಯಮ್ಮ.

ಕೊನೆಗೆ ಒಂದು ಮರಿ ಹೊರಗೆ ಬಂತು. ಅದನ್ನು ಚರಂಡಿ ಕೊಳವೆಯಿಂದ ಎಳೆದು ಉಳಿಸಿದ್ದರಂತೆ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದಿದೆ. ಮೈ ಕಂದು, ಕಾಲು ಕಪ್ಪು, ಬಾಲ ಬಿಳಿ. ಉಳಿದ ಚೂರುಬಟ್ಟೆಗಳನ್ನೆಲ್ಲ ಸೇರಿಸಿ ಯಾರೋ ಅವಸರದಲ್ಲಿ ಹೊಲಿದ ಹಾಗಿತ್ತು.

"ಇದು ಯಾವ ಜಾತಿ?"

"ಬೆರಕೆ ಅಮ್ಮ. ಹದಿನೈದು ದಿನ ಇಟ್ಟುಕೊಂಡು ನೋಡಿ, ಆಮೇಲೆ ನಾನೇ ಬಂದು ಸಹಿ ಹಾಕಿಸಿಕೊಳ್ತೀನಿ. ನೀವು ಹಾಕಿಕೊಂಡ, ಒಗೆಯದ ಬಟ್ಟೆ ಒಂದನ್ನು ಅದರ ಹಾಸಿಗೆಗೆ ಹಾಕಿ. ಆ ವಾಸನೆಯವರೇ ತನ್ನವರು ಅಂತ ಅದು ನಂಬುತ್ತೆ."

ಇಲ್ಲೇ ಹೊಲಿಗೆಯಮ್ಮ ಜಾಣತನ ಮಾಡಿದ್ದು. ಹೆಂಗಸಿನ ವಾಸನೆಯಲ್ಲಿ ಬೆಳೆದ ನಾಯಿ ಏನು ಕಾವಲು ಕಾದೀತು? ಗಂಡಸಿನ ವಾಸನೆಯಲ್ಲಿ ಬೆಳೆದರೆ ಧೈರ್ಯ ಬಂದೀತು. ಟ್ರಂಕಿನ ತಳದಲ್ಲಿ ಗಂಡನ ಅಂಗಿ ಇತ್ತು. ಟರ್ಪೆಂಟೈನು, ತಲೆಯೆಣ್ಣೆ, ಬೆವರು. ವಾಸನೆ ಹೋಗಿಬಿಟ್ಟೀತು ಅಂತ ಏಳು ತಿಂಗಳಿಂದ ಆ ಟ್ರಂಕು ತೆಗೆದಿರಲಿಲ್ಲ. ತೆಗೆದಳು. ಸ್ವಲ್ಪ ಹೊತ್ತು ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಹಾಸಿದಳು.

ಕುಂಯ್‌ಗುಡುತ್ತಿದ್ದ ಮರಿ ತಕ್ಷಣ ಸುಮ್ಮನಾಯಿತು. ಅಂಗಿಯ ತೋಳಿನೊಳಗೆ ಮೂತಿ ತೂರಿಸಿ ಮಲಗಿತು. ಅವತ್ತಿಂದ ಅದು ಸತ್ತವನ ನಾಯಿ.

ಅನ್ನ ಹಾಕುವವಳು ಇವಳು, ಹೇಲು ಬಾಚುವವಳು ಇವಳು. ಅದು ಮಾತ್ರ ತಿಂದು, ಬೆನ್ನು ತಿರುಗಿಸಿ, ಬಾಗಿಲ ಕಡೆ ನೋಡುತ್ತಾ ಕೂರುತ್ತಿತ್ತು. ಗ್ಯಾಸಿನವನು ಬಂದರೆ ಸುಮ್ಮನಿತ್ತು. ಮೀಟರ್ ನೋಡುವವನು ಬಂದರೆ ಆಕಳಿಸಿತು. ಅಳತೆಯ ಟೇಪನ್ನು ಹದಿನಾಲ್ಕು ಇಂಚಿನವರೆಗೆ ತಿಂದು ಹಾಕಿತು. (ಅವತ್ತಿಂದ ಆ ಬೀದಿಯವರ ಸೊಂಟದ ಅಳತೆ ಹದಿನೈದರಿಂದಲೇ ಶುರು.) ನಾಲ್ಕನೇ ದಿನ ಹೊಲಿಗೆಯಮ್ಮ ದಾರದ ಅಂಗಡಿಯಿಂದ ವಾಪಸು ಬಂದಾಗ ಮರಿ ಹೊಸ್ತಿಲಲ್ಲಿ ನಿಂತು ಮೊದಲ ಸಲ ಬೊಗಳಿತು. ಅವಳಿಗೇ. ಅವಳು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಎದುರುಮನೆ ಮೇಷ್ಟರು ಬಂದು ಅದನ್ನು ಎತ್ತಿಕೊಂಡು, "ಬನ್ನಿ, ಒಳಗೆ ಬನ್ನಿ, ಸಂಕೋಚ ಬೇಡ" ಅಂತ ಅವಳನ್ನು ಅವಳ ಮನೆಗೇ ಕರೆದರು.

ಹನ್ನೊಂದನೇ ದಿನ ಬೆಳಗ್ಗೆ ನಾದಿನಿ ಟೆಂಪೋದಿಂದ ಇಳಿದಳು. ಚಳಿ ಇತ್ತು. ಮೈಮೇಲೆ ಅಣ್ಣನ ಬೂದು ಸ್ವೆಟರು. ಅವನು ಸತ್ತ ವಾರವೇ ಕೇಳಿ ತೆಗೆದುಕೊಂಡು ಹೋಗಿದ್ದಳು. ಮೂವತ್ತೆರಡು ವರ್ಷ ಕಣ್ಣಿಗೆ ಬಿದ್ದದ್ದನ್ನೆಲ್ಲ ಕುದಿಸಿ ಒಗೆಸಿದವಳು ಆ ಸ್ವೆಟರನ್ನು ಒಂದು ಸಲವೂ ಒಗೆದಿರಲಿಲ್ಲ.

"ಅತ್ತಿಗೆ, ಗಂಟುಮೂಟೆ ಆಯ್ತಾ?"

"ನಾನು ಒಂಟಿ ಅಲ್ಲಮ್ಮ. ಕಾವಲಿಗೆ ನಾಯಿ ಇದೆ. ಕಚ್ಚೀತು, ದೂರ ನಿಲ್ಲು."

ಮರಿ ಮೂಸಿತು. ಜೋತುಬಿದ್ದ ಕಿವಿಯೂ ಎದ್ದಿತು. ಆಮೇಲೆ ಬಾಣ ಬಿಟ್ಟ ಹಾಗೆ ಓಡಿ ನಾದಿನಿಯ ಮೇಲೆ ಹಾರಿತು. ಕುಂಯ್‌ಗುಟ್ಟಿತು, ನೆಕ್ಕಿತು, ಉರುಳಾಡಿತು, ಖುಷಿ ತಡೆಯಲಾರದೆ ಅವಳ ಪಾದದ ಮೇಲೆ ಒಂದಕ್ಕೂ ಮಾಡಿತು.

ನಾದಿನಿ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ವಾರ್ಡಿಗೆ ಅವಳು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಓಡಿ ಬಂದವರು ಒಬ್ಬರೂ ಇಲ್ಲ.

"ಅದು ನಿನಗಲ್ಲ" ಅಂದಳು ಹೊಲಿಗೆಯಮ್ಮ, ಹೊಟ್ಟೆಯುರಿದು. "ಸ್ವೆಟರಿಗೆ. ಅವರ ಅಂಗಿ ಹಾಸಿದ್ದೆ."

"ಗೊತ್ತಾಯ್ತು ಅತ್ತಿಗೆ. ಅಣ್ಣ ಬಂದರೆ ಚಿಕ್ಕವಳಿದ್ದಾಗ ನಾನೂ ಹೀಗೇ ಓಡ್ತಿದ್ದೆ."

ಟೆಂಪೋದವನು ಹಾರನ್ ಹೊಡೆದ.

"ನಿಮ್ಮ ಕಟ್ಟಡದಲ್ಲಿ ನಾಯಿ ಬಿಡ್ತಾರಾ?" ಹೊಲಿಗೆಯಮ್ಮ ಮೆಲ್ಲಗೆ ಕೇಳಿದಳು.

"ಬಿಡಲ್ಲ."

"ಅಯ್ಯೋ, ಹಾಗಾದರೆ ನಾನು ಬರೋ ಹಾಗಿಲ್ಲವಲ್ಲ" ಅಂದಳು, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು.

ನಾದಿನಿ ಮರಿಯನ್ನು ಎತ್ತಿಕೊಂಡು ಎದ್ದಳು. ಟೆಂಪೋದವನಿಗೆ ಹೇಳಿದಳು: "ನಡಿಯಪ್ಪಾ, ನನ್ನ ಮನೆಗೆ. ಒಂದು ಮಂಚ, ಒಂದು ಬೀರು, ಎರಡು ಪೆಟ್ಟಿಗೆ ಇಲ್ಲಿಗೆ ತರೋದಿದೆ."

ಮಧ್ಯಾಹ್ನದೊಳಗೆ ಮಂಚ ಒಳಕೋಣೆಯಲ್ಲಿ ಕೂತಿತು. ಬೀರು ಕುಂಚದ ಗೋಡೆಗೆ ಒರಗಿ ನಿಂತಿತು. ಹೊಲಿಗೆಯಮ್ಮನ ಹಾಸಿಗೆ ಮಿಷನ್ನಿನ ಕಾಲ ಬಳಿ ಬಂತು. ಬಾಗಿಲ ಹಿಂದೆ ಒಂದು ಪಟ್ಟಿ ಅಂಟಿತು. ಊಟ ಹನ್ನೆರಡಕ್ಕೆ, ಮೊದಲು ಮರಿಗೆ. ಎರಡರಿಂದ ನಾಲ್ಕು ಮರಿ ಮಲಗುವ ಹೊತ್ತು, ಮಿಷನ್ ಮುಟ್ಟಕೂಡದು. ಬೆಳಗ್ಗೆ ಸಂಜೆ ಮೂವರಿಗೂ ಜ್ವರ ನೋಡುವುದು.

ಹದಿನೈದನೇ ದಿನ ಕನ್ನಡಕದ ಹುಡುಗಿ ಕಾಗದ ಹಿಡಿದು ಬಂದಳು.

"ವಾಪಸು ತಗೊಂಡು ಹೋಗಮ್ಮ, ಪುಣ್ಯ ಬರುತ್ತೆ" ಅಂದಳು ಹೊಲಿಗೆಯಮ್ಮ.

ನಾದಿನಿ ಒಳಗಿಂದ ಥರ್ಮಾಮೀಟರ್ ಜಾಡಿಸುತ್ತಾ ಬಂದಳು. "ಕೊಟ್ಟುಬಿಡಿ ಅತ್ತಿಗೆ, ನಿಮ್ಮಿಷ್ಟ. ನಾಯಿ ಇಲ್ಲದ ಮೇಲೆ ನಾವಿಬ್ಬರೂ ಇಲ್ಲಿ ಯಾಕಿರಬೇಕು? ಟೆಂಪೋದವನ ನಂಬರ್ ನನ್ನ ಹತ್ತಿರ ಇದೆ."

ಹೊಲಿಗೆಯಮ್ಮ ಬೀರು ನೋಡಿದಳು. ಅದರ ಪಕ್ಕದಲ್ಲಿ ಗೋಡೆಯ ಒಂದು ಗೇಣು ಇನ್ನೂ ಕಾಣುತ್ತಿತ್ತು. ಹಸಿರು, ಸ್ವಲ್ಪ ಕೆಂಪು.

"ಎಲ್ಲಿ ಹಾಕಬೇಕು ಸಹಿ?"

ಸಹಿ ಹಾಕಿದಳು. ನಾದಿನಿ ಮರಿಯನ್ನು ಕರೆದುಕೊಂಡು ಒಳಗೆ ಹೋದಳು. ಹೊಲಿಗೆಯಮ್ಮ ಹುಡುಗಿಯನ್ನು ಬಾಗಿಲವರೆಗೆ ಬಿಟ್ಟು, ದನಿ ತಗ್ಗಿಸಿ ಕೇಳಿದಳು.

"ಮಗಳೇ, ನಿಮ್ಮಲ್ಲಿ ವಯಸ್ಸಾದವುಗಳನ್ನೂ ಇಟ್ಕೊಳ್ತೀರಾ?"

"ಇಟ್ಕೊಳ್ತೀವಿ ಅಮ್ಮ. ವಯಸ್ಸೆಷ್ಟು?"

"ಐವತ್ತೆಂಟು. ಕಚ್ಚಲ್ಲ. ಹೊಲಿಗೆ ಬರುತ್ತೆ."