ಆರನೇ ಬೆರಳಿನ ಬಳಗ

ರಕ್ತ ತೆಗೆಯುವವನ ಬದುಕಿನಲ್ಲಿ ನಗು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ನಾನೇನೂ ಅದನ್ನು ಹುಡುಕಿಕೊಂಡು ಹೋದವನಲ್ಲ. ಸೂಜಿ ಹಿಡಿದು ಯಾರ ಮನೆಯ ಕಟ್ಟೆ ಹತ್ತಿದರೂ ಅದು ನನಗಿಂತ ಮೊದಲೇ ಬಂದು ಕೂತಿರುತ್ತಿತ್ತು.

ತೊಂಬತ್ತರ ದಶಕದ ನಡುವೆ ನಾನು ಲಿಂಗಸುಗೂರಿನ ಒಂದು ಸಣ್ಣ ದವಾಖಾನೆಯ ಲ್ಯಾಬಿನಲ್ಲಿದ್ದೆ. ಆಗ ದೂರದ ಪಟ್ಟಣದಿಂದ ಸಂಶೋಧಕರೊಬ್ಬರು ಬಂದರು. ಅವರನ್ನು ನಾನು ಸರ್ ಎಂದೇ ಕರೆಯುತ್ತಿದ್ದೆ. ಜೀವಿಗಳ ಮೈಯ ಕಣಕಣದೊಳಗಿರುವ ಉದ್ದನೆಯ ಬರಹವನ್ನು ಅಕ್ಷರ ಅಕ್ಷರವಾಗಿ ಓದುವುದು, ಯಾವ ಜಾಗ ಯಾವ ಕೆಲಸ ಮಾಡುತ್ತದೆಂದು ಗುರುತು ಹಾಕುವುದು ಅವರ ವೃತ್ತಿ. ಸಂತೆಕಲ್ಲೂರಿನ ಒಂದು ಮನೆತನದಲ್ಲಿ ತಲೆತಲಾಂತರದಿಂದ ಆರು ಬೆರಳಿನವರು ಹುಟ್ಟುತ್ತಾರೆಂದು ಕೇಳಿ, ಆ ಬೆರಳು ಮೂಡಿಸುವ ಜಾಗವನ್ನು ಹುಡುಕಲು ಬಂದಿದ್ದರು. ರಕ್ತ ತೆಗೆಯಲು ನಾನು ಜೊತೆಯಾದೆ.

ಕುರಿಯೂ ನಾವೂ

ಹೋಲಿಸಿ ನೋಡಲು ಸರ್‌ಗೆ ಕುರಿಯ ರಕ್ತವೂ ಬೇಕಿತ್ತು. ಮಸ್ಕಿಯ ಹತ್ತಿರ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಒಪ್ಪಿದ. ಕೆಲಸ ಮುಗಿದ ಮೇಲೆ ಸರ್ ಅವನ ಪಕ್ಕ ಕೂತು, ಕುರಿಯ ಒಳಗಿನ ಬರಹಕ್ಕೂ ಮನುಷ್ಯನದಕ್ಕೂ ಬಹಳ ಹೋಲಿಕೆ ಇದೆ, ಅದನ್ನೇ ಈ ರಕ್ತದಲ್ಲಿ ನೋಡುತ್ತೇವೆ ಎಂದು ಉತ್ಸಾಹದಿಂದ ವಿವರಿಸಿದರು. ಮುದುಕ ನಮ್ಮಿಬ್ಬರನ್ನೂ ಕನಿಕರದಿಂದ ನೋಡಿದ.

"ಇಷ್ಟಕ್ಕ ನನ್ನ ಕುರಿಗೆ ಯಾಕ ಚುಚ್ಚಿದ್ರಿ? ಸಿಂಧನೂರಾಗ ರಾಯಚೂರು ಬಸ್ ಬಂದಾಗ ಮಂದಿ ಹತ್ತೋದು ನೋಡಿದ್ರ ತಿಳೀತಿತ್ತಲ್ಲ."

ಎರಡು ಸಲ ಬಂದವಳು

ಸಂತೆಕಲ್ಲೂರಿನ ಆ ಮನೆಗೆ ಅಜ್ಜಿಯೇ ಯಜಮಾನಿ. ಅವಳಿಗೆ ಎಡಗೈಯಲ್ಲಿ ಆರು ಬೆರಳು, ನಾಲಗೆಯಂತೂ ಇನ್ನೂ ಉದ್ದ. ಸರ್ ದೊಡ್ಡ ಹಾಳೆ ಹರವಿ, ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ ಬರೆದು ವಂಶದ ಗೆರೆ ಎಳೆಯುತ್ತಿದ್ದರು. ಮೊದಲು ದೊಡ್ಡ ಮೊಮ್ಮಗಳನ್ನು ಕರೆಸಿದರು. ನಾನು ರಕ್ತ ತೆಗೆದೆ. ಆಮೇಲೆ ಸೊಸೆಯನ್ನು ಕರೆಸಿದರು. ಅದೇ ಹೆಂಗಸು ಬಂದು ಇನ್ನೊಂದು ತೋಳು ಚಾಚಿದಳು.

ಅಜ್ಜಿ ತನ್ನ ಮಗಳ ಮಗಳನ್ನೇ ತನ್ನ ಮಗನಿಗೆ ತಂದುಕೊಂಡಿದ್ದಳು. ನಮ್ಮ ಕಡೆ ಇದು ಮನೆಮನೆಯ ಸಂಗತಿ, ಆದರೆ ಸರ್ ಅವರ ಹಾಳೆಯಲ್ಲಿ ಒಬ್ಬಳೇ ಎರಡು ವೃತ್ತವಾಗಿದ್ದಳು. ಈಗಷ್ಟೇ ಕೊಟ್ಟೆಯಲ್ಲ, ಹೇಳಬಾರದಿತ್ತೇ ಎಂದು ಕೇಳಿದೆ.

"ಆವಾಗ ಮೊಮ್ಮಗಳಂತ ಕರದ್ರಿ, ಬಂದೆ. ಈಗ ಸೊಸಿ ಅಂತ ಕರದೀರಿ, ಬಂದೀನಿ. ಸಂಜಿಕ ಹೆಂಡತಿ ಅಂತ ಕರಿಯೋದಿದ್ರ ಈಗ ಹೇಳಿಬಿಡ್ರಿ, ರೊಟ್ಟಿ ಬಡಿಯೋದೈತಿ."

ಕಾಲಿಗೆ ನೀರು

ಆ ಸೊಸೆಯ ತಂಗಿಯೂ ಅಜ್ಜಿಯ ಬಳಿಯೇ ಬೆಳೆದವಳು, ಅವಳಿಗೂ ಎಡಗೈಯಲ್ಲಿ ಆರು ಬೆರಳು. ಅವಳ ರಕ್ತವಿಲ್ಲದೆ ಸರ್ ಅವರ ಗೆರೆ ಮುಂದೆ ಸಾಗುವಂತಿರಲಿಲ್ಲ. ಅಜ್ಜಿ ಮಾತ್ರ ಲಗ್ನ ಗಟ್ಟಿಯಾಗುವತನಕ ಅವಳನ್ನು ಮುಟ್ಟಗೊಡುವುದಿಲ್ಲ ಎಂದಳು. ಹಿಂದೊಮ್ಮೆ ನೋಡಲು ಬಂದವರು ಆ ಬೆರಳು ಕಂಡು, ಕೊಟ್ಟ ಚಹಾವನ್ನೂ ಕುಡಿಯದೆ ಎದ್ದು ಹೋಗಿದ್ದರಂತೆ. ಅಂದಿನಿಂದ ಹುಡುಗಿ ಮನೆಯವರ ಮುಂದೂ ಕೈಯನ್ನು ಸೆರಗಿನಲ್ಲೇ ಇಟ್ಟುಕೊಳ್ಳುತ್ತಿದ್ದಳು. ಆ ಚಹಾ ಬಿಟ್ಟು ಹೋದವರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾವಿರುವಾಗಲೇ ಜವಳಗೇರಾದಿಂದ ವರನ ಕಡೆಯವರು ಬಂದಿಳಿದರು. ಕಾಲಿಗೆ ನೀರು ಕೊಟ್ಟರೆ ಎಲ್ಲರೂ ತೊಳೆದುಕೊಂಡು ಒಳಗೆ ಬಂದರು, ವರ ಮಾತ್ರ ಬೂಟು ಬಿಚ್ಚಲಿಲ್ಲ. ಕಾಲು ನೋವು ಎಂದು ಅವನ ಅಪ್ಪ ಹೇಳಿದ. ಆ ಬಿಸಿಲಿನಲ್ಲಿ ಅವನಿಗೆ ಕಾಲುಚೀಲ ಬೇರೆ.

ವರನ ಅಪ್ಪನ ಕಣ್ಣು ನನ್ನ ಸೂಜಿಯ ಮೇಲೆ ಬಿತ್ತು. ಇದು ತಪಾಸಣೆಯಲ್ಲ, ಓದಿಗಾಗಿ ಎಂದು ಸರ್ ಹೇಳಿದರೂ ಅವನು ಕೇಳಲಿಲ್ಲ. ಹೆಣ್ಣಿನ ಕಡೆಯವರಿಗೆ ಆಯೇರಿಯ ಉಡುಗೊರೆ ಕೊಟ್ಟು ಗಂಡಿನ ಕಡೆಯವರನ್ನು ಬಿಟ್ಟ ಹಾಗಾಯಿತು ಎಂದು ಮುನಿಸಿಕೊಂಡು ತೋಳು ಮಡಚಿದ. ಅವನದಾದ ಮೇಲೆ ಮಗನನ್ನೂ ಮುಂದೆ ನೂಕಿದ. ಹುಡುಗ ಹೂಂ ಎಂದು ಕೂತವನು, ಕೊಳವೆಯಲ್ಲಿ ಕೆಂಪು ಏರಿದ್ದನ್ನು ನೋಡಿ ಕೂತಲ್ಲೇ ವಾಲಿದ.

ಮಲಗಿಸಿ, ಕಾಲು ಎತ್ತಿಡು, ಬೂಟು ಸಡಿಲಿಸು ಎಂದರು ಸರ್. ನಾನು ಬೂಟಿನ ಜೊತೆ ಕಾಲುಚೀಲವನ್ನೂ ಎಳೆದುಬಿಟ್ಟೆ. ಬಲಗಾಲಲ್ಲಿ ಆರು ಬೆರಳು. ಅಷ್ಟರಲ್ಲಿ ಬಾಗಿಲ ಹಿಂದಿದ್ದ ಹುಡುಗಿ ಗಾಬರಿಯಲ್ಲಿ ಚೊಂಬು ತಂದು, ಸೆರಗು ಮರೆತು, ಎಡಗೈಯಿಂದಲೇ ಅವನ ಮುಖಕ್ಕೆ ನೀರು ಚಿಮುಕಿಸಿದಳು. ಎಲ್ಲರೂ ಒಮ್ಮೆ ಕಾಲನ್ನು, ಒಮ್ಮೆ ಕೈಯನ್ನು ನೋಡಿದರು. ಹುಡುಗ ಕಣ್ಣು ಬಿಟ್ಟು ಮೊದಲು ಕಂಡದ್ದೇ ಆ ಕೈ, ಮತ್ತೆ ಮುಚ್ಚಲಿಲ್ಲ.

ಅಜ್ಜಿ ಸಾವಕಾಶ ಹೇಳಿದಳು: "ಬೀಗರ, ನಿಮ್ಮ ಹುಡುಗನ ಕಾಲಿಗೆ ಆಗಿದ್ದ ನೋವು ನಮ್ಮ ಹುಡುಗಿ ಕೈಗೂ ಐತ್ರಿ."

ಸಮಾಧಾನ

ಲಗ್ನವಾಯಿತು. ಹುಡುಗಿ ತಾನಾಗಿಯೇ ತೋಳು ಚಾಚಿ ರಕ್ತ ಕೊಟ್ಟಳು. ಮುಂದೆ ಅವಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆಂದು ತಿಳಿದದ್ದೇ ತಡ, ಸರ್ ಮತ್ತೆ ಬಂದಿಳಿದರು. ಎರಡೂ ಕಡೆ ಆರು ಬೆರಳು, ಇಂಥ ಕೂಸು ಸಿಗುವುದೇ ಅಪರೂಪ ಎಂದು ಲಿಂಗಸುಗೂರಿನಿಂದ ಬಸ್ಸಿನುದ್ದಕ್ಕೂ ಹೇಳಿದ್ದೇ ಹೇಳಿದರು.

ಹುಡುಗಿ ಅಂಗಳದಲ್ಲೇ ಸಿಕ್ಕಳು. ಗಂಡ ಮಾಡಿಸಿಕೊಟ್ಟ ಸಣ್ಣ ಉಂಗುರ ಅವಳ ಆರನೇ ಬೆರಳಿನಲ್ಲಿತ್ತು. ಕೈ ಸೆರಗಿನ ಹೊರಗೇ ಇತ್ತು. ನನಗೆ ಕಣ್ಣು ತುಂಬಿ ಬಂತು. ಸರ್ ಅದನ್ನೆಲ್ಲ ನೋಡಲಿಲ್ಲ, ಅಜ್ಜಿಯ ತೊಡೆಯ ಮೇಲಿನ ಕೂಸಿನ ಕೈ ಬಿಡಿಸಿದರು, ಕಾಲು ಬಿಡಿಸಿದರು, ಮತ್ತೊಮ್ಮೆ ಕೈ ಬಿಡಿಸಿದರು. ಎಲ್ಲ ಐದೈದೇ. ಕೂಸು ಚೆನ್ನಾಗಿದೆ ಎಂದರು, ಆದರೆ ಮುಖ ಇಳಿದಿತ್ತು.

ಅಜ್ಜಿಗೆ ಕರುಳು ಚುರುಕ್ ಎಂದಿರಬೇಕು. ಆರು ಬೆರಳಿನ ಕೈಯಿಂದ ಅವರ ಬೆನ್ನು ಸವರಿದಳು.

"ಮನಸಿಗೆ ಹಚ್ಚಿಕೋಬ್ಯಾಡ್ರಿ ಸರ್. ಇಬ್ಬರೂ ಇನ್ನೂ ಸಣ್ಣೋರದಾರ. ಮುಂದಿನ ಸಲಕ್ಕ ನಿಮಗಂತ ನಾನ ಹೇಳಿ ಮಾಡಸ್ತೀನಿ."